ಸುರೇಂದ್ರನ ಜೇಬಿನ ದಿಕ್ಸೂಚಿ

"ಫೋನ್ ಹಿಡ್ಕೊಂಡು ಗಾಳೀಲಿ ಎಂಟು ಬರಿ," ಎಂದಳು ಸುಚಿತ್ರಾ. "ಆಗ ದಿಕ್ಕು ಸರಿಯಾಗುತ್ತೆ."

"ಕನ್ನಡದ ಎಂಟಾ, ಇಂಗ್ಲಿಷಿಂದಾ?"

ಕವಲೇದುರ್ಗದ ಬುಡದ ಗದ್ದೆಬದುವಿನಲ್ಲಿ ನಿಂತು ಸುರೇಂದ್ರ ಗಂಭೀರವಾಗಿಯೇ ಕೇಳಿದ್ದ. ತೀರ್ಥಹಳ್ಳಿಯ ಕಾಲೇಜಿನಲ್ಲಿ ಜೊತೆಯಾಗಿ ಪ್ರಾಕ್ಟಿಕಲ್ ಮಾಡುವಾಗಲೂ ಅವನು ಹೀಗೆಯೇ. ತಾನು ನಗದೆ ಅವಳನ್ನು ನಗಿಸುತ್ತಿದ್ದ.

ಈಗ ಅವನು ಹೊಸನಗರದಲ್ಲಿ ಮೇಷ್ಟ್ರು. ಅವಳು ಸಾಗರದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಚಾರಣಿಗರಿಗಾಗಿ ಅವಳೊಂದು ಆ್ಯಪ್ ಮಾಡುತ್ತಿದ್ದಳು. ಜಿಪಿಎಸ್ ಹಾಕಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಅದರ ಬದಲು ಫೋನಿನೊಳಗಿನ ಎರಡು ಪುಟ್ಟ ಸೆನ್ಸರ್‌ಗಳು ಸಾಕು: ಒಂದು ಹೆಜ್ಜೆಯ ಅಲುಗಾಟ ಹಿಡಿಯುತ್ತದೆ, ಇನ್ನೊಂದು ಭೂಮಿಯ ಕಾಂತಶಕ್ತಿಯಿಂದ ದಿಕ್ಕು ಹೇಳುತ್ತದೆ. ಅವಳ ಫೋನನ್ನು ಜೇಬಿನಲ್ಲಿಟ್ಟುಕೊಂಡು ನಡೆಯುವವರೊಬ್ಬರು ಬೇಕಿತ್ತು. ವರ್ಷಗಳ ಮೇಲೆ ಕರೆ ಮಾಡಿದರೆ, ಸುರೇಂದ್ರ ಕಾರಣ ಪೂರ್ತಿ ಕೇಳುವ ಮೊದಲೇ "ಬರ್ತೀನಿ" ಎಂದಿದ್ದ.

ಕಲ್ಲು ಹಾಸಿದ ದಾರಿ ಹತ್ತುತ್ತ ಇಬ್ಬರಿಗೂ ಕಾಲೇಜಿನ ದಿನಗಳೇ ನೆನಪಾದವು. ಇದೇ ಕೋಟೆಗೆ ಕ್ಲಾಸಿನವರೆಲ್ಲ ಬಂದಿದ್ದರು. ಎಲ್ಲರೂ ಒಂದೇ ಪೇಪರಿನಲ್ಲಿ ಮಂಡಕ್ಕಿ ಕಲಸಿ ತಿಂದಿದ್ದರು.

"ಅಮ್ಮ ಒಂದು ಗಂಡು ನೋಡಿದಾರೆ," ಎಂದಳು ಸುಚಿತ್ರಾ, ಎರಡನೇ ಬಾಗಿಲಿನ ಹತ್ತಿರ. "ನಾಳೆ ಬರ್ತಾರೆ."

"ನೀನೇನಂದೆ?"

"ಇನ್ನೂ ಏನೂ ಅಂದಿಲ್ಲ."

ಅವನು ಆಗಾಗ ನಿಲ್ಲುತ್ತ ಮುಂದೆ ನಡೆದ.

ಕೋಟೆಯ ತುದಿಯಲ್ಲಿ ಕೂತು ಅವಳು ಅವನಿಂದ ಫೋನ್ ತೆಗೆದುಕೊಂಡು, ಅದರಲ್ಲಿ ಮೂಡಿದ್ದ ದಾರಿ ನೋಡಿದಳು. ಮುಖ ಸಪ್ಪಗಾಯಿತು.

"ಹೆಜ್ಜೆ ಸರಿಯಾಗಿದೆ, ದಿಕ್ಕು ಕೆಟ್ಟಿದೆ. ನೋಡು, ನೀನು ನಿಂತಲ್ಲೆಲ್ಲ ಬಾಣ ಉಲ್ಟಾ ತಿರುಗಿದೆ, ನಾವು ಹತ್ತಿ ಬಂದ ಕಡೆಗೆ. ಇಷ್ಟು ದಿನದ ಕೆಲಸ ದಂಡ."

ಸುರೇಂದ್ರ ಪರದೆಯನ್ನೇ ನೋಡುತ್ತ ಕೂತ. ಕಿವಿ ಕೆಂಪಾಗಿತ್ತು.

"ದಂಡ ಆಗಿಲ್ಲ. ಅದು ಸರಿಯಾಗೇ ತೋರಿಸಿದೆ."

"ಹೆಂಗೆ?"

"ನಾನು ತಿರುಗಿ ನಿಂತಿದ್ದೆ. ನೀನು ಹಿಂದೆ ಬರ್ತಿದ್ಯಲ್ಲ, ನೋಡೋಕೆ."

ಗಾಳಿ ಅವಳ ಮುಂಗುರುಳನ್ನು ಕಣ್ಣಿಗೆ ತಂದಿತು. ಅವಳು ಸರಿಸಿಕೊಳ್ಳಲಿಲ್ಲ.

"ಕಾಲೇಜಲ್ಲೇ ಹೇಳಬಹುದಿತ್ತಲ್ಲ."

"ನೀನು ಕ್ಲಾಸಿಗೇ ಫಸ್ಟು. ನಾನು ಎರಡು ಸಬ್ಜೆಕ್ಟಲ್ಲಿ ಡುಮ್ಕಿ. ಧೈರ್ಯ ಬರ್ಲಿಲ್ಲ."

"ಈಗ ಬಂತಾ?"

"ಇಲ್ಲ. ನಿನ್ನ ಫೋನು ಹೇಳ್ಬಿಡ್ತು."

ಅವಳು ಅದೇ ಫೋನಿನಿಂದ ಮನೆಗೆ ಕರೆ ಮಾಡಿದಳು.

"ಅಮ್ಮಾ, ನಾಳೆ ಅವರಿಗೆ ಬರೋದು ಬೇಡ ಅಂತ ಹೇಳ್ಬಿಡು. ಯಾಕಾ? ಇಲ್ಲೊಬ್ರು ಇದಾರೆ, ನೀನೇ ಮಾತಾಡು."

ಸುರೇಂದ್ರ ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡ.

"ನಮಸ್ಕಾರಮ್ಮ. ನಾನು ಸುರೇಂದ್ರ. ಹೊಸನಗರದಲ್ಲಿ ಮೇಷ್ಟ್ರು..."

ಆ ಕಡೆಯಿಂದ ಅಮ್ಮನ ದನಿ ಸುಚಿತ್ರಾಗೂ ಕೇಳಿಸಿತು.

"ಅವಳು ಬೆಳಿಗ್ಗೆ ತಿಂಡಿನೂ ತಿನ್ನದೆ ಹೋಗಿದಾಳೆ ಮೇಷ್ಟ್ರೇ. ಮೊದಲು ಏನಾದ್ರೂ ತಿನ್ನಿಸಿ. ಮಿಕ್ಕಿದ್ದು ಸಂಜೆ ಮನೆಗೆ ಬನ್ನಿ, ಮಾತಾಡಣ."