ಮೂರನೇ ಪಾಳಿಯ ಎರಡನೇ ಆಲ್ಬಮ್

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತೂಕಾಲಿಗೆ ಋಷಿಕೇಶ ಜಹಗೀರದಾರ ಎಂಬ ಯುವಕ ಭೋಸರಿಯ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ‘ಮೂರನೇ ಪಾಳಿ’ ಎಂಬ ಕನ್ನಡ ರಾಕ್ ಬ್ಯಾಂಡಿನ ಹಾಡುಗಾರ. ಕೈಗಾರಿಕಾ ವಸಾಹತಿನ ಹಳೆಯ ಶೆಡ್ಡೊಂದು ಅವರ ಸ್ಟುಡಿಯೋ. ಅಲ್ಲಿಂದ ಎರಡು ಹಾರ್ಡ್ ಡಿಸ್ಕ್ ಕಳುವಾಗಿದ್ದವು. ಬ್ಯಾಂಡಿನ ಎರಡನೇ ಆಲ್ಬಮ್ ಇದ್ದದ್ದು ಅವುಗಳಲ್ಲಿ ಮಾತ್ರ. ಬಿಡುಗಡೆಗೆ ಒಂದು ವಾರ ಉಳಿದಿತ್ತು.

ಇನ್‌ಸ್ಪೆಕ್ಟರ್ ಹರ್ಷದಾ ಇನಾಮದಾರ ಬೆಳಗಾವಿ ಕಡೆಯವರು. ಮರಾಠಿಯಲ್ಲಿ ಶುರುವಾದ ವಿಚಾರಣೆ ಎರಡನೇ ಪ್ರಶ್ನೆಗೇ ಕನ್ನಡಕ್ಕೆ ತಿರುಗಿತು.

“ಎರಡು ಡಿಸ್ಕ್ ಯಾಕ?”

“ಒಂದು ನಕಲು ಇರಲಿ ಅಂತ್ರೀ.”

“ನಕಲು ಎಲ್ಲಿಟ್ಟಿದ್ರಿ?”

“ಅದೇ ಡ್ರಾವರಿನ್ಯಾಗ.”

ಕಾನ್‌ಸ್ಟೆಬಲ್ ಮಹೇಶಕುಮಾರ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. “ಕಳ್ಳಗ ಭಾಳ ಅನುಕೂಲ ಮಾಡೀರಿ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಋಷಿಕೇಶ, ಬಾಸ್ ಗಿಟಾರಿನ ಇಂಪನಾ ಮತ್ತು ಡ್ರಮ್ಮರ್ ಅಂಬಾದಾಸ, ಈ ಮೂವರ ಬಳಿ. ದುಬಾರಿ ಗಿಟಾರು, ಮೈಕುಗಳು ಇದ್ದಲ್ಲೇ ಇದ್ದವು. ಮೂಲೆಯಲ್ಲಿ ಡ್ರಮ್ಮುಗಳ ಮೇಲೆ ಹಳೆಯ ಚಾದರ ಹೊದಿಸಿ, ತುದಿಗಳನ್ನು ಗಂಟು ಹಾಕಲಾಗಿತ್ತು. ಪಕ್ಕದ ಶೆಡ್ಡಿನಲ್ಲಿ ಲೇತ್ ಓಡುತ್ತಿತ್ತು. ಹರ್ಷದಾ ಚಾದರದ ಮೇಲೆ ಬೆರಳೆಳೆದಾಗ ಕಬ್ಬಿಣದ ಪುಡಿ ಹತ್ತಿತು.

“ಇದನ್ನ ಯಾರು ಮುಚ್ಚತಾರ?”

ಮಗರಪಟ್ಟಾದ ಆಫೀಸಿಗೆ ರಜೆ ಹಾಕಿ ಬಂದಿದ್ದ ಇಂಪನಾ ಉತ್ತರಿಸಿದಳು. “ಅಂಬಾದಾಸ್, ಮೇಡಂ. ಟೀ ಕುಡಿಯೋಕೆ ಹೋದ್ರೂ ಮುಚ್ಚಿಟ್ಟೇ ಹೋಗ್ತಾನೆ. ನಾವು ಮುಟ್ಟಲ್ಲ, ಬೈತಾನೆ.”

“ನಿನ್ನೆ ಬಂದಿದ್ದನೇನು?”

“ಇಲ್ಲ. ಅವರಮ್ಮ ತೀರ್ಕೊಂಡ ಮೇಲೆ ಬಂದೇ ಇಲ್ಲ. ನಿನ್ನೆ ಬೇರೆಯವರು ಬಾರಿಸಿದ್ರು. ಲಾಸ್ಟಲ್ಲಿ ಲೈಟ್ ಆಫ್ ಮಾಡಿದ್ದು ನಾನೇ, ಡ್ರಮ್ಸ್ ಓಪನ್ ಆಗೇ ಇತ್ತು.” ಆಡಿ ಮುಗಿಸಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಚಾದರದ ಕಡೆ ತಿರುಗಿ ನೋಡಿದಳು.

ಅಂಬಾದಾಸನ ಖೋಲಿ ಹತ್ತಿರದಲ್ಲೇ ಇತ್ತು. ಕೇಳಿದ ಕೂಡಲೇ ಅವನು ಜೋಳದ ಡಬ್ಬಿಯಿಂದ ಎರಡೂ ಡಿಸ್ಕ್ ತೆಗೆದುಕೊಟ್ಟ.

“ಮಾರಾಕ ಒಯ್ದಿದ್ದೇನು?”

“ನಮ್ಮ ಹಾಡು ಯಾರು ಕೊಳ್ತಾರ್ರಿ?”

“ಮತ್ತ?”

ಅವನ ತಾಯಿ ಶಿವಕಾಂತಾ ಯಾದಗಿರಿಯಿಂದ ಬಂದು ಕಟ್ಟಡಗಳಲ್ಲಿ ಸಿಮೆಂಟು ಹೊತ್ತವಳು. ಆಲ್ಬಮ್ಮಿನ ಕೊನೆಯ ಹಾಡಿಗೆ ಬೀಸುವ ಪದ ಹಾಡಿದ್ದಳು. ಅವಳು ತೀರಿಕೊಂಡ ಮೇಲೆ ಋಷಿಕೇಶ ಆ ಧ್ವನಿಯನ್ನು ತಾಳಕ್ಕೆ ಹೊಂದಿಸಿ ಹಾಡು ಮುಗಿಸಿ ಅಂಬಾದಾಸನಿಗೆ ಫೋನಿನಲ್ಲಿ ಕೇಳಿಸಿದ್ದ.

“ನಡಕ ಹಾಡು ನಿಲ್ಲಿಸಿ ‘ಉಂಡಿಯೇನೋ’ ಅಂತ ಕೇಳಿದ್ದಳ್ರಿ ಅವ್ವ. ಅದನ್ನ ಕತ್ತರಿಸಿ ಒಗದಾರ. ಮೂಲದಾಗರೆ ಉಳದದೇನು, ನೋಡಬೇಕಿತ್ತು.”

“ಋಷಿಕೇಶಗ ಕೇಳಬೇಕಿತ್ತು.”

“ಅಳಿಸೀನಿ ಅಂದಿದ್ರ?”

“ನೋಡಿದೇನು?”

ಅಂಬಾದಾಸ ತಲೆಯಲ್ಲಾಡಿಸಿದ. ಲ್ಯಾಪ್‌ಟಾಪ್ ಡಬ್ಬಿಯ ಪಕ್ಕದಲ್ಲೇ ಇತ್ತು. ಅವನು ಡಿಸ್ಕ್ ಹಚ್ಚಿರಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ತಂದೆ ತಾಯಪ್ಪ ಕೇಳಿದ: “ಹೆಂಡತಿ ದನಿ ನಮ್ಮದಲ್ಲೇನ್ರಿ, ಸಾಹೇಬ್ರ?”

ಹರ್ಷದಾ ಡಿಸ್ಕುಗಳನ್ನು ಜಪ್ತಿ ಮಾಡಿ ಅಂಬಾದಾಸನನ್ನು ಠಾಣೆಗೆ ಕರೆದೊಯ್ದರು.

ಠಾಣೆಯಲ್ಲಿ ಪಂಚರೆದುರು ಋಷಿಕೇಶ ಡಿಸ್ಕ್ ಗುರುತಿಸಿ, ಮೂಲ ಮುದ್ರಣ ತೆರೆದ. ಒಂಟಿ ಹೆಣ್ಣುದನಿ, ತಾಳವಿಲ್ಲ. ನಡುವೆ ಪದ ನಿಂತಿತು. “ಅಂಬಾ, ಉಂಡಿಯೇನೋ?” ಮೈಕಿಗೆ ಹತ್ತಿರದಿಂದ ಗಂಡುದನಿ: “ಅವ್ವಾ, ರೆಕಾರ್ಡಿಂಗ್ ನಡದದ. ಸುಮ್ಮ ಹಾಡು.”

ಋಷಿಕೇಶ ನಿಲ್ಲಿಸಿದ. “ನಿನಗ ಕೆಟ್ಟನಸ್ತದಂತ ತಗದಿದ್ದೆ, ದೋಸ್ತ.”

“ಪೂರಾ ಹಚ್ಚು,” ಎಂದ ಅಂಬಾದಾಸ.

ಶಿವಕಾಂತಾ ಮತ್ತೆ ಹಾಡಿದಳು, ಮೊದಲಿಗಿಂತ ಸಣ್ಣ ದನಿಯಲ್ಲಿ. ಋಷಿಕೇಶ ದೂರು ವಾಪಸು ಪಡೆಯಬಹುದೇ ಎಂದು ಕೇಳಿದ. ಅದನ್ನು ಕೋರ್ಟಿನಲ್ಲಿ ಹೇಳಬೇಕೆಂದರು ಹರ್ಷದಾ. ಸಂಜೆ ಐದೂವರೆಗೆ ಬಂಧನ ದಾಖಲಾಯಿತು. ಕಳವಿನ ಉದ್ದೇಶವೇನೆಂದು ಮಹೇಶಕುಮಾರ ಕೇಳಿದಾಗ ಅವರು ಯೋಚಿಸಿ ಬರೆಸಿದರು: ಆರೋಪಿಗೆ ತಾಯಿಯ ಪ್ರಶ್ನೆ ನೆನಪಿತ್ತು, ತಾನು ಕೊಟ್ಟ ಉತ್ತರ ನೆನಪಿರಲಿಲ್ಲ.