ತೂತು ಬೀಳದ ಗೋಡೆ

ಸಾರಾಂಡದ ಮೇಲಿನ ಗುಡ್ಡದಲ್ಲಿ ಕುರಿಗಾಹಿ ರಾಪೋ ತನ್ನ ಬಂಕರಿನೊಳಗೆ ಸತ್ತುಬಿದ್ದಿದ್ದ. ಬೆಳಗಿನ ಜಾವದ ಸ್ಫೋಟದ ಸದ್ದು ಊರಿಗೆಲ್ಲ ಕೇಳಿತ್ತು.

ಎಂದೂ ಬಾರದ ಶತ್ರುವಿಗಾಗಿ ಕಟ್ಟಿದ ಕಾಂಕ್ರೀಟ್ ಗುಮ್ಮಟಗಳು ನಮ್ಮ ಅಲ್ಬೇನಿಯಾದಲ್ಲಿ ಎಲ್ಲಿ ಕಾಲಿಟ್ಟರೂ ಸಿಗುತ್ತವೆ. ರಾಪೋ ತನ್ನದರಲ್ಲಿ ಚೀಸ್ ಇಟ್ಟು, ಅಲ್ಲೇ ಮಲಗುತ್ತಿದ್ದ. ಒಳಗೋಡೆಯಿಂದ ಬಾಗಿಲಗಲದ ಕಾಂಕ್ರೀಟ್ ಕಿತ್ತುಬಂದು ಅವನ ಎದೆಗೆ ಬಡಿದಿತ್ತು. ಅದೇ ಗೋಡೆಯ ಹೊರಮೈಯಲ್ಲಿ ಬೋಗುಣಿಯಷ್ಟು ತಗ್ಗು, ಅಷ್ಟೇ. ಗೋಡೆಗೆ ತೂತು ಬಿದ್ದಿರಲಿಲ್ಲ.

ಹಾನಿಯೆಲ್ಲ ಒಳಗೆ, ಹಾಗಾದರೆ ಮದ್ದು ಸಿಡಿದದ್ದೂ ಒಳಗೇ ಎಂದು ನಮ್ಮ ಠಾಣೆ ತೀರ್ಮಾನಿಸಿತು. ಬಂಕರಿನ ಇನ್ನೊಂದು ಬೀಗದ ಕೈ ಇದ್ದದ್ದು ಅಳಿಯ ಜೂಲೋನ ಬಳಿ. ಅವನೋ ಸಮುದ್ರದಲ್ಲಿ ಮದ್ದು ಸಿಡಿಸಿ ಮೀನು ಹಿಡಿಯುವವನು! ಕೋಳ ತೊಡಿಸಿದೆವು. ಗುಜರಿ ವ್ಯಾಪಾರಿ ಹೂಸ್ನಿಯೂ ಸಾಕ್ಷಿ ನುಡಿದ: ಕಬ್ಬಿಣಕ್ಕಾಗಿ ಎಷ್ಟೋ ಬಂಕರ್ ಒಡೆದವನು ತಾನು, ಹೊರಗಿನಿಂದ ಅವು ಜಗ್ಗುವುದೇ ಇಲ್ಲ.

ರಾಪೋನ ಮಗಳು ದುರಾತಾ ಠಾಣೆಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಅಪ್ಪ ಮಣ್ಣಿಗೆ ಹೋದ, ಗಂಡ ಜೈಲಿಗೆ. ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ತಿರಾನಾದಿಂದ ಬಂದ ತನಿಖಾಧಿಕಾರಿ ಮಿಮೋಜಾ ಬಂಕರಿನ ಒಳಗೋಡೆಯ ಮೇಲೆ ಕೈಯಾಡಿಸಿ ಬೆರಳು ನೋಡಿಕೊಂಡರು.

"ಮಸಿ ಎಲ್ಲಪ್ಪಾ?"

ಇರಲಿಲ್ಲ. ಗೋಡೆಯಲ್ಲೂ ಇಲ್ಲ, ಚೀಸಿನ ಬಿಳಿ ಬಟ್ಟೆಯ ಮೇಲೂ ಇಲ್ಲ.

"ಗೋಡೆಯೊಳಗಿನ ಈ ಕಬ್ಬಿಣದ ಸರಳು ಯಾವ ಕಡೆ ಉಬ್ಬಿದೆ?"

"ನಮ್ಮ ಕಡೆ," ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಮದ್ದು ಒಳಗೆ ಸಿಡಿದಿದ್ದರೆ ಸರಳುಗಳು ಹೊರಕ್ಕೆ ಬಾಗಬೇಕಿತ್ತು.

ಹೊರಗಿನ ತಗ್ಗನ್ನು ಅವರು ಉಗುರಿನಿಂದ ಕೆರೆದರು. ಸುಟ್ಟ ಕೆಂಪು ಜೇಡಿಮಣ್ಣು. ಆ ಗುಡ್ಡವೆಲ್ಲ ಬಿಳಿ ಸುಣ್ಣಕಲ್ಲು.

ಬಂಕರ್ ಒಡೆದವನು ಎಂದು ತಾನೇ ಹೇಳಿಕೊಂಡಿದ್ದ ಹೂಸ್ನಿಯ ಅಂಗಡಿಗೆ ನೇರ ಹೋದೆವು. ಅವನು ಕಾಫಿ ತರಿಸಿದ. ಮಿಮೋಜಾ ಕಪ್ಪನ್ನು ಮೇಜಿನ ಮೇಲಿಟ್ಟು, ಕೆಳಗಿನಿಂದ ಹಲಗೆಗೆ ಗುದ್ದಿದರು. ಕಪ್ಪು ಎಗರಿ ಉರುಳಿತು.

"ಮೇಜಿಗೆ ತೂತು ಬಿತ್ತಾ, ಹೂಸ್ನಿ?"

ಅವನು ಕಪ್ಪನ್ನು ಎತ್ತಿ ನಿಲ್ಲಿಸಿದ. ಮಿಮೋಜಾ ಮುಂದುವರಿಸಿದರು.

"ಕಾಂಕ್ರೀಟು ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ತಡ್ಕೊಳ್ಳಲ್ಲ. ಹೊರಗೆ ಬಿದ್ದ ಪೆಟ್ಟು ಗೋಡೆಯೊಳಗೆ ಹಾದು ಆ ಬದಿ ಮುಟ್ಟಿ ವಾಪಸ್ ತಿರುಗುತ್ತೆ. ತಿರುಗುವಾಗ ಎಳೆಯುತ್ತೆ. ಒಳಮೈ ಕಿತ್ಕೊಂಡು ಹಾರುತ್ತೆ. ಅದಕ್ಕೇ ಹೊರಗೆ ಸಣ್ಣ ಗಾಯ, ಒಳಗೆ ದೊಡ್ಡದು."

"ಹೊರಗಿಟ್ಟವನು ನಾನೇ ಅಂತ ಹೇಗೆ ಹೇಳ್ತೀರಿ? ಜೂಲೋನೂ ಇಡಬಹುದಲ್ಲ?"

"ಮೀನು ಹಿಡಿಯೋನು ಮದ್ದನ್ನ ನೀರಿಗೆ ಎಸೀತಾನೆ. ಪೆಟ್ಟು ಗೋಡೆಗೇ ಬೀಳಲಿ ಅಂತ ಮದ್ದಿನ ಮೇಲೆ ಜೇಡಿಮಣ್ಣು ಮೆತ್ತೋದು ಬಂಕರ್ ಒಡೆಯೋರ ಅಭ್ಯಾಸ. ನಿನ್ನ ಹಿತ್ತಲಲ್ಲಿ ಅದೇ ಕೆಂಪುಮಣ್ಣಿನ ರಾಶಿ ಇದೆ, ಬರೋವಾಗ ನೋಡಿದೆ. ರಾಪೋ ತನ್ನ ಬಂಕರ್ ನಿನಗೆ ಮಾರಲ್ಲ ಅಂದಿದ್ದನಾ?"

ಹೂಸ್ನಿ ಚೆಲ್ಲಿದ ಕಾಫಿಯನ್ನು ತೋಳಿನಿಂದ ಒರೆಸಿದ. ಆಮೇಲೆ ಕೈ ನಿಂತುಹೋಯಿತು.

"ಸಾಯಿಸೋಕಲ್ಲ ಅಮ್ಮಾ. ಹೆದರಿ ಜಾಗ ಬಿಡಲಿ ಅಂತ. ಒಳಗಿಟ್ಟಿದ್ರೆ ಸಾಯ್ತಿದ್ದ, ಅದಕ್ಕೇ ಹೊರಗಿಟ್ಟೆ. ಫಿರಂಗಿಗೇ ಜಗ್ಗದ ಗೋಡೆ, ಇವನನ್ನ ಕಾಯುತ್ತೆ ಅಂದ್ಕೊಂಡೆ."

ಸಂಜೆ ಜೂಲೋನ ಕೋಳ ಬಿಚ್ಚಿದೆ. ಅವನಿಗೂ ಅವನ ಹೆಂಡತಿಗೂ ನಡೆದದ್ದನ್ನು ಹೇಳಿದೆ, ಗೋಡೆ ಕಾಯುತ್ತದೆ ಎಂದು ಹೂಸ್ನಿ ನಂಬಿದ್ದನ್ನೂ. ದುರಾತಾ ಕೇಳಿದ್ದು ಒಂದೇ ಮಾತು.

"ಅಪ್ಪನೂ ಹಾಗೇ ಅಂದ್ಕೊಂಡು ಅಲ್ಲಿ ಮಲಗ್ತಿದ್ದ, ಅಲ್ವಾ?"

ಹೌದು ಎಂದೆ.