ಬ್ರೋಡಿಯ ಬಲ ಮೊಣಕೈ

ಇಡೀ ಸಾಲು ಖಾಲಿ ಇತ್ತು. ಆದರೂ ಅವನು ಬಂದು ನನ್ನಿಂದ ಒಂದೇ ಸೀಟು ಬಿಟ್ಟು ಕೂತ.

ಜನವರಿಯ ಭಾನುವಾರ, ಮಧ್ಯಾಹ್ನ. ಸಿಡ್ನಿಯ ಪಶ್ಚಿಮ ಸಬರ್ಬ್ ಒಂದರ ಬೇಸ್‌ಬಾಲ್ ಮೈದಾನ. ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಬಲೆಗೆ ಅಂಟಿಕೊಂಡಿರುವ ಆ ಸೀಟುಗಳಲ್ಲಿ ಸುಮ್ಮನೆ ಆಟ ನೋಡಲು ಬಂದವರು ಕೂರುವುದಿಲ್ಲ. ಅವನ ಬ್ಯಾಗಿನಿಂದ ಬಾಲಿನ ವೇಗ ಅಳೆಯುವ ಸ್ಪೀಡ್ ಗನ್ ಹೊರಬಂತು. ನನ್ನ ಮಡಿಲಲ್ಲೂ ಅಂಥದ್ದೇ ಒಂದಿತ್ತು.

ನಾನು ಡೆಲ್ಫಿನ್ ಆಂಟಿಯ ಜೊತೆ ಫೋನಿನಲ್ಲಿದ್ದೆ. ಫೋನ್ ಕೆಳಗಿಟ್ಟ ಕೂಡಲೇ ಅವನು, ಮೈದಾನದಿಂದ ಕಣ್ಣು ತೆಗೆಯದೆ, ಕೇಳಿದ.

"ಮಂಗಳೂರಾ?"

"ಯಾಕೆ?"

"ಕೊಂಕಣಿ ಕೇಳಿತು. ನಾನು ಉಡುಪಿ. ಜಯೇಶ್. ಕೊಂಕಣಿ ನನಗೆ ಬರುದಿಲ್ಲ. ನಿಮಗೆ ತುಳು?"

"ಅರ್ಥ ಆಗ್ತದೆ."

"ಹಾಗಾದರೆ ಕನ್ನಡವೇ ಗತಿ."

"ಮಾತಾಡಲೇಬೇಕು ಅಂತ ಏನಿಲ್ಲ," ಎಂದೆ.

ಅವನು ನಗಲಿಲ್ಲ. ಆದರೆ ಕಣ್ಣಿನ ಪಕ್ಕದಲ್ಲಿ ಒಂದು ಗೆರೆ ಎದ್ದು, ಸ್ವಲ್ಪ ಹೊತ್ತು ಇದ್ದು, ಹೋಯಿತು. ಅದನ್ನು ನಾನು ಯಾಕೆ ಗಮನಿಸಿದೆನೋ ಗೊತ್ತಿಲ್ಲ. ಗಮನಿಸುವುದೇ ನನ್ನ ಕೆಲಸ ಎಂದುಕೊಂಡೆ.

ಅಮೆರಿಕದ ದೊಡ್ಡ ಲೀಗ್‌ನ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಮೈನರ್ ಲೀಗ್‌ಗಳಿವೆ. ಅಲ್ಲಿ ಚಳಿಗಾಲವಾದಾಗ, ಕ್ಲಬ್‌ಗಳು ಕೈಬಿಟ್ಟ ಆಟಗಾರರು ಇನ್ನೊಂದು ಅವಕಾಶ ಹುಡುಕಿಕೊಂಡು ಇಲ್ಲಿಯ ಬೇಸಿಗೆಗೆ ಬರುತ್ತಾರೆ. ಅವರಲ್ಲಿ ಯಾರು ಮೇಲೆ ಹತ್ತಬಹುದು ಎಂದು ನೋಡಿ ಒಂದು ಅಮೆರಿಕನ್ ಕ್ಲಬ್ಬಿಗೆ ರಿಪೋರ್ಟ್ ಬರೆಯುತ್ತೇನೆ. ವಾರದ ದಿನಗಳಲ್ಲಿ ಮ್ಯಾಕ್ವೆರಿ ಪಾರ್ಕ್‌ನ ಔಷಧಿ ಕಂಪನಿಯಲ್ಲಿ ಸ್ಟ್ಯಾಟಿಸ್ಟಿಷಿಯನ್. ಶನಿವಾರ, ಭಾನುವಾರ ಇದು. ಗಂಡ ಹ್ಯಾರಿಸ್ ಹೋದ ಮೇಲೆ ಹಿಡಿದ ಕೆಲಸ. ಸಂಖ್ಯೆಗಳು ಯಾರನ್ನೂ ಸಮಾಧಾನ ಮಾಡಲು ಬರುವುದಿಲ್ಲ.

ಜಯೇಶ್ ಬೇರೊಂದು ಅಮೆರಿಕನ್ ಕ್ಲಬ್ಬಿಗೆ ಇದೇ ಕೆಲಸ ಮಾಡುವವನು. ಇರುವುದು ಮೆಲ್ಬರ್ನ್, ವೆರಿಬೀಯಲ್ಲಿ ಫಿಸಿಯೋ.

"ಮೆಲ್ಬರ್ನ್‌ನಿಂದ ಇಲ್ಲಿಗೆ ಬಂದು ನನ್ನ ಪಕ್ಕದಲ್ಲೇ ಯಾಕೆ ಕೂತಿರಿ?"

"ನೆರಳು ಇಲ್ಲಿ ಮಾತ್ರ ಉಂಟು ಮಾರ್ರೆ."

ತಲೆ ಎತ್ತಿ ನೋಡಿದೆ. ನೆರಳು ಅಲ್ಲಿ ಮಾತ್ರ ಇತ್ತು. ಆದರೂ ಟ್ಯಾಬ್ಲೆಟನ್ನು ಅವನಿಗೆ ಕಾಣದ ಹಾಗೆ ವಾಲಿಸಿಕೊಂಡೆ.

ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಅನುಮಾನ. ಅವರಿಗೆ ಏನೋ ಬೇಕಿರುತ್ತದೆ. ಹೆಚ್ಚಿನವರಿಗೆ ಬೇಕಿರುವುದು, ನಾನು ಅವರೆದುರು ಅಳುವುದು.

ಆಟ ಅರ್ಧವಾದಾಗ ಕೇಳಿದ, "ನಿಮ್ಮ ಹಸ್ಬೆಂಡ್ ಬರುದಿಲ್ವಾ ಆಟ ನೋಡ್ಲಿಕ್ಕೆ?" ನನ್ನ ಬೆರಳಿನ ಉಂಗುರ ನೋಡಿರಬೇಕು.

"ತೀರಿಕೊಂಡ್ರು."

ಮುಂದೆ ಏನು ಬರುತ್ತದೆಂದು ನನಗೆ ಗೊತ್ತು. ಸಾರಿ. ಎಷ್ಟು ವರ್ಷ ಆಗಿತ್ತು. ಮಕ್ಕಳು ಇದ್ದಾರಾ. ಕಾದೆ.

"ಈಗ ಹಾಕಿದ ಬಾಲ್ ನಿಮ್ಮ ಗನ್‌ನಲ್ಲಿ ಎಷ್ಟು ತೋರಿಸಿತು?" ಎಂದ ಅವನು.

ಒಂದು ಕ್ಷಣ ನನಗೆ ಹಗುರವಾಯಿತು. ಮರುಕ್ಷಣವೇ ಸಿಟ್ಟು ಬಂತು. ಮೈ ಮರೆತ ಹೊತ್ತು ನೋಡಿ ನಂಬರ್ ಕದಿಯುವ ಉಪಾಯ.

"ಎಂಬತ್ತೆಂಟು ಮೈಲಿ," ಎಂದು ಸುಳ್ಳು ಹೇಳಿದೆ.

"ನನ್ನದರಲ್ಲಿ ತೊಂಬತ್ತೊಂದು." ಅವನು ಬ್ಯಾಗ್ ತಡಕಿ ಎರಡು ಬ್ಯಾಟರಿ ತೆಗೆದು ನಮ್ಮ ನಡುವಿನ ಖಾಲಿ ಸೀಟಿನ ಮೇಲೆ ಇಟ್ಟ. "ನಿಮ್ಮ ಬ್ಯಾಟರಿ ವೀಕ್ ಆಗಿರ್ಬೇಕು."

ಆ ಗೆರೆ ಮತ್ತೆ ಎದ್ದಿತು.

ವೆಸ್ಟ್‌ಮೀಡ್‌ನ ಫ್ಲಾಟಿನಲ್ಲಿ ಡೆಲ್ಫಿನ್ ಆಂಟಿ ಕಾಯುತ್ತಿದ್ದರು. ಹ್ಯಾರಿಸ್‌ನ ಚಿಕ್ಕಮ್ಮ. ಲಿವರ್‌ಪೂಲ್‌ನಲ್ಲಿ ಸ್ವಂತ ಮನೆ ಇದ್ದರೂ, ನಾನು ಊಟ ಬಿಡುತ್ತೇನೆಂದು ನನ್ನ ಜೊತೆಗೇ ಬಂದು ಉಳಿದವರು.

"ಬ್ಯಾಟರಿ ಕೊಟ್ಟನಾ? ಯಾರವನು?"

"ನೀವು ಕಳಿಸಿದವನಲ್ಲ ತಾನೆ?"

"ನಾನು ಕಳಿಸಿದ್ದರೆ ಹೆಸರು ಜಯೇಶ್ ಇರ್ತಿತ್ತಾ? ಎಡ್ವರ್ಡ್ ಇರ್ತಿತ್ತು, ಚರ್ಚಿನ ಪೂಜೆಗೂ ತಪ್ಪದೆ ಹೋಗ್ತಿದ್ದ." ಆಂಟಿ ಮೀನಿನ ಸಾರು ಬಡಿಸಿದರು. "ಬ್ಯಾಟರಿ ಸರಿ ಉಂಟಾ ನೋಡಿದಿಯಾ, ಲೀಶಾ?"

ನೋಡಿದ್ದೆ. ಸರಿ ಇದ್ದವು.

ಸೀಸನ್ನಿನ ಕೊನೆಯ ಆಟಗಳು ಮೆಲ್ಬರ್ನ್‌ನಲ್ಲಿ. ಹೊರಡುವ ಮೊದಲು ಫ್ಲೋರಿಡಾದಿಂದ ನನ್ನ ಬಾಸ್ ಫೋನ್ ಮಾಡಿದ. ನನ್ನಿಂದ ಅವನಿಗೆ ಒಂದೇ ಒಂದು ಹೆಸರು ಬೇಕು, ಭಾನುವಾರ ಆಟ ಮುಗಿಯುವುದರೊಳಗೆ. ಹೆಸರು ಸರಿಯಾದರೆ ಮುಂದಿನ ವರ್ಷವೂ ಕೆಲಸ. ಇಲ್ಲದಿದ್ದರೆ ಇಲ್ಲ.

ನನ್ನ ಹತ್ತಿರ ಹೆಸರಿತ್ತು. ಬ್ರೋಡಿ. ಸಿಡ್ನಿ ಟೀಮಿನ ಪಿಚರ್, ಅಂದರೆ ಬಾಲ್ ಎಸೆಯುವವನು. ಟೆಕ್ಸಸ್‌ನವನು, ಮೈನರ್ ಲೀಗ್‌ನಲ್ಲಿ ಎರಡು ಕ್ಲಬ್ ಕೈಬಿಟ್ಟವನು. ಇಲ್ಲಿ ವಾರದಿಂದ ವಾರಕ್ಕೆ ಅವನ ವೇಗ ಏರುತ್ತಿದ್ದುದನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಹಾಗೆಂದು ನಾನು ಅಂದುಕೊಂಡಿದ್ದೆ.

ಮೆಲ್ಬರ್ನ್ ಮೈದಾನದಲ್ಲಿ ಕೊಲ್ಲಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಶುಕ್ರವಾರ ಜಯೇಶ್ ಬಂದು ಮತ್ತೆ ಒಂದೇ ಸೀಟು ಬಿಟ್ಟು ಕೂತ. ಈ ಸಲ ಎಲ್ಲ ಕಡೆಯೂ ನೆರಳಿತ್ತು. ನಾನು ಏನೂ ಕೇಳಲಿಲ್ಲ.

"ಬ್ರೋಡಿ ಬಂದಾಗಲೆಲ್ಲ ನೀವು ಗನ್ ಕೆಳಗಿಡ್ತೀರಿ," ಎಂದ.

ಸಿಕ್ಕಿಬಿದ್ದೆ. ಈ ಕೆಲಸದಲ್ಲಿ ಮೊದಲು ಕಲಿಸುವುದೇ ಅದು. ಬೇಕಾದ ಆಟಗಾರನನ್ನು ಬೇರೆ ಕ್ಲಬ್ಬಿನವರೆದುರು ನೋಡಬಾರದು. ಅವನು ಬಂದಾಗ ನೀರು ಕುಡಿಯಬೇಕು, ಫೋನ್ ನೋಡಬೇಕು, ಆಕಳಿಸಬೇಕು. ವೇಗವನ್ನು ಸ್ಕೋರ್‌ಬೋರ್ಡ್ ಹೇಗೂ ಹೇಳುತ್ತದೆ.

"ಕೈ ನೋಯ್ತದೆ, ಇಡ್ತೇನೆ."

"ಅವನು ಬಂದಾಗ ಮಾತ್ರ ನೋಯ್ತದಾ?"

"ಹೌದು. ನಿಮಗೆ ಏನು?"

"ಎಂತ ಇಲ್ಲ. ನಾನೂ ಹಾಗೇ ಮಾಡುದು. ಬೇಕಾದ ಕಡೆ ನೋಡುದಿಲ್ಲ."

ಹಾಗೆಂದು ಅವನು ಮೈದಾನದ ಕಡೆ ತಿರುಗಿದ. ಆ ಮಧ್ಯಾಹ್ನ ನನ್ನ ಕಡೆ ನೋಡಲೇ ಇಲ್ಲ. ಚಹಾದ ಕಪ್ ಕೊಡುವಾಗಲೂ ಕಪ್ಪನ್ನೇ ನೋಡಿದ. ಶನಿವಾರವೂ ಹಾಗೆಯೇ; ಮನೆ ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಎಂದು ಹೇಳಿ ನನ್ನ ನಂಬರ್ ಕೊಟ್ಟಾಗಲೂ ಫೋನನ್ನೇ ನೋಡಿದ. ಗಾಳಿಗೆ ನನ್ನ ಕೂದಲು ಹಾರಿ ಅವನ ಭುಜಕ್ಕೆ ತಾಗಿತು. ಅವನು ಸ್ಕೋರ್‌ಬೋರ್ಡಿನ ಕಡೆಗೆ ಕುತ್ತಿಗೆ ಬಿಗಿದು ಕೂತ. ಕಿವಿ ಮಾತ್ರ ಕೆಂಪಗಾಗಿತ್ತು.

ಬಿಸಿಲಿಗೆ ಇರಬಹುದು, ಎಂದುಕೊಂಡೆ. ಮೋಡ ಕವಿದಿತ್ತು.

"ನಿಮಗೆ ಮದುವೆ ಆಗಿದೆಯಾ?" ನಾನೇ ಕೇಳಿದೆ. ಕೇಳಿದ ಮೇಲೆ ಬೇಡವಾಗಿತ್ತು ಅನಿಸಿತು.

"ಆಗಿತ್ತು. ಅವಳು ಪರ್ತ್‌ನಲ್ಲಿ ಇದ್ದಾಳೆ, ಚಂದ ಇದ್ದಾಳೆ. ನನ್ನ ಹತ್ತಿರ ಇರುವಾಗ ಅಷ್ಟು ಚಂದ ಇರಲಿಲ್ಲ."

ನಗು ಬಂತು. ನನ್ನದೇ ನಗು ನನಗೆ ಬೇರೆ ಯಾರದೋ ಹಾಗೆ ಕೇಳಿಸಿತು.

ಭಾನುವಾರ ಬ್ರೋಡಿ ಆ ಸೀಸನ್ನಿನಲ್ಲೇ ಎಲ್ಲಕ್ಕಿಂತ ಜೋರಾಗಿ ಎಸೆದ. ಬೋರ್ಡಿನಲ್ಲಿ ತೊಂಬತ್ತಾರು ಬಂತು. ನಾನು ಆಕಳಿಸಿ ಟ್ಯಾಬ್ಲೆಟ್ ತೆರೆದೆ. ರಿಪೋರ್ಟ್ ಬರೆದಿಟ್ಟಿದ್ದೆ, ಕಳಿಸುವುದೊಂದೇ ಬಾಕಿ.

"ಕಳಿಸಬೇಡಿ," ಎಂದ ಜಯೇಶ್, ಬಹಳ ಮೆಲ್ಲಗೆ. "ಅವನ ಮೊಣಕೈ ಹೋಗಿದೆ."

"ಏನು?"

"ಬಲ ಮೊಣಕೈ. ಇನಿಂಗ್ಸ್ ಮುಗಿಸಿ ಹೋಗುವಾಗ ನೀರಿನ ಬಾಟಲಿಯ ಮುಚ್ಚಳ ಹಲ್ಲಲ್ಲಿ ತೆಗೀತಾನೆ. ಮೊನ್ನೆವರೆಗೆ ಬಲಗೈಯಲ್ಲಿ ತಿರುಗಿಸ್ತಿದ್ದ."

"ಎಷ್ಟೋ ಜನ ಹಲ್ಲಲ್ಲೇ ತೆಗೀತಾರೆ."

"ಹೌದು."

"ಸ್ಪೀಡ್ ತೊಂಬತ್ತಾರು ಉಂಟು."

"ನೋವು ಇರುವವನು ಕೊನೆಯ ದಿನ ಎಲ್ಲ ಶಕ್ತಿ ಹಾಕಿಯೇ ಎಸೀತಾನೆ. ನನ್ನ ಕ್ಲಿನಿಕ್ಕಿಗೆ ಅಂಥವರು ಬರ್ತಾರೆ, ಮರುದಿನ."

ಬ್ರೋಡಿ ಬೆಂಚಿನ ಕಡೆ ನಡೆದ. ಯಾರೋ ಅವನ ಕೈಗೆ ತೆರೆದ ಬಾಟಲಿಯನ್ನೇ ಕೊಟ್ಟರು. ಅದರಿಂದ ಏನೂ ಗೊತ್ತಾಗಲಿಲ್ಲ.

ಎದುರಾಳಿಯನ್ನು ಹೆದರಿಸಿ ದೂರ ಓಡಿಸುವುದು ಈ ಕೆಲಸದ ಹಳೆಯ ತಂತ್ರ. ಅವನಿಗೆ ಬ್ರೋಡಿ ಬೇಕಿದ್ದರೆ, ಇದಕ್ಕಿಂತ ಒಳ್ಳೆಯ ಮಾತು ಅವನಿಗೆ ಸಿಗುತ್ತಿರಲಿಲ್ಲ.

"ನನಗೆ ಯಾಕೆ ಹೇಳ್ತಾ ಇದ್ದೀರಿ?"

ಆಗ ಅವನು ನನ್ನ ಕಡೆ ತಿರುಗಿದ. ಮೂರು ದಿನದಲ್ಲಿ ಮೊದಲ ಸಲ. ಕಣ್ಣು ತಗ್ಗಿಸಲಿಲ್ಲ, ನಗಲೂ ಇಲ್ಲ. ಆ ನೋಟವನ್ನು ತಡೆಯಲಾರದೆ ನಾನು ಮೈದಾನ ನೋಡಿದೆ.

"ಹೆಸರು ತಪ್ಪಾಗಿ ನಿಮ್ಮ ಕೆಲಸ ಹೋದರೆ, ಬರುವ ವರ್ಷ ನಾನು ಯಾರ ಪಕ್ಕ ಕೂತ್ಕೊಳ್ಳುದು?" ಎಂದ.

ರಿಪೋರ್ಟಿನಲ್ಲಿ ಹೆಸರು ಅಳಿಸಿದೆ. 'ಈ ವರ್ಷ ಯಾರೂ ಇಲ್ಲ. ಬ್ರೋಡಿಯ ಮೊಣಕೈ ಪರೀಕ್ಷೆ ಆಗುವವರೆಗೆ ಕಾಯಿರಿ' ಎಂದು ಬರೆದು ಕಳಿಸಿದೆ. ಹ್ಯಾರಿಸ್ ಹೋದ ಮೇಲೆ ಒಬ್ಬ ಮನುಷ್ಯನ ಬರೀ ಮಾತಿನ ಮೇಲೆ ನಾನು ಏನನ್ನೂ ಮಾಡಿರಲಿಲ್ಲ.

ಗುರುವಾರ ಬೆಳಿಗ್ಗೆ ಸುದ್ದಿ ಬಂತು. ಬ್ರೋಡಿಯನ್ನು ತೆಗೆದುಕೊಂಡಿದ್ದರು. ತೆಗೆದುಕೊಂಡದ್ದು ಜಯೇಶನ ಕ್ಲಬ್.

ಬಾಸ್‌ನ ಮೆಸೇಜ್ ಚಿಕ್ಕದಿತ್ತು. ನೀನು ಬೇಡ ಎಂದವನನ್ನು ಅವರು ಎತ್ತಿಕೊಂಡಿದ್ದಾರೆ, ಮೊಣಕೈ ವಿಷಯ ನಿನಗೆ ಹೇಳಿದ್ದು ಯಾರು?

ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ? ಎದುರಾಳಿ ಹೇಳಿದ, ಅವನ ಕಿವಿ ಕೆಂಪಗಾಗಿತ್ತು, ನಂಬಿದೆ.

ಜಯೇಶ್ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಆಫೀಸಿನಲ್ಲಿ ಎಲ್ಲರೊಡನೆ ಎಂದಿನಂತೆ ಮಾತಾಡಿದೆ. ಒಳಗೆ ಎಲ್ಲವೂ ಮೊದಲಿನಂತೆ ತಣ್ಣಗಾಗುತ್ತಿತ್ತು. ಅದು ನನಗೆ ಪರಿಚಯದ ಜಾಗ. ಅಲ್ಲಿ ಇರುವುದು ಸುಲಭ.

ಸಂಜೆ ವೆಸ್ಟ್‌ಮೀಡ್ ಸ್ಟೇಷನ್ನಿನಲ್ಲಿ ಇಳಿದಾಗ, ಮೆಲ್ಬರ್ನ್‌ನಲ್ಲಿ ಇರಬೇಕಾದವನು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದ. ಬಿಸಿಲು ಇನ್ನೂ ಇತ್ತು. ಆಸ್ಪತ್ರೆಯ ನರ್ಸ್‌ಗಳು ಗುಂಪಾಗಿ ಟ್ರೇನ್ ಹತ್ತುತ್ತಿದ್ದರು.

"ಯಾವ ಟ್ರೇನಿಗೆ ಬರ್ತೀರಿ ಅಂತ ಗೊತ್ತಿರಲಿಲ್ಲ," ಎಂದ. "ಬಂದ ಎಲ್ಲ ಟ್ರೇನನ್ನೂ ನೋಡಿದೆ."

"ಅಭಿನಂದನೆ. ನಿಮ್ಮವರಿಗೆ ಬ್ರೋಡಿ ಸಿಕ್ಕಿದ."

"ಅವರಿಗೂ ಬೇಡ ಅಂತಲೇ ಬರೆದಿದ್ದೆ. ಭಾನುವಾರ, ನಿಮಗೆ ಹೇಳುವ ಮೊದಲೇ. ಅವರು ತೊಂಬತ್ತಾರು ನೋಡಿದ್ರು. ನನ್ನ ಮಾತು ಯಾರು ಕೇಳ್ತಾರೆ? ನಾನು ಎಲ್ಲೋ ವೆರಿಬೀಯ ಫಿಸಿಯೋ."

"ಎಷ್ಟು ಚಂದ ಹೇಳ್ತೀರಿ."

"ಚಂದ ಅಲ್ಲ, ನಿಜ."

"ನಾಳೆ ಅವನ ಕೈ ಸರಿಯೇ ಇದ್ದರೆ?"

"ಆಗ ನಾನು ತಪ್ಪು ನೋಡಿದ್ದು. ಕಳ್ಳ ಅಂತ ಆಗುದಿಲ್ಲ." ಜೇಬಿನಿಂದ ಫೋನ್ ತೆಗೆದ. ಬೆರಳುಗಳು ಅವಸರದಲ್ಲಿ ತಪ್ಪುತಪ್ಪಾಗಿ ಓಡಿದವು. "ಬರೆದ ಮೇಲ್ ಉಂಟು. ತಾರೀಕು ಉಂಟು, ಟೈಮ್ ಉಂಟು. ನೀವೇ ಓದಿ."

ಫೋನನ್ನು ನನ್ನ ಮುಂದೆ ಹಿಡಿದ.

ನಾನು ಓದುವವಳು. ತಾರೀಕು ನೋಡುವವಳು, ಟೈಮ್ ನೋಡುವವಳು, ಅದು ನಿಜವೇ ಎಂದು ಇನ್ನೊಮ್ಮೆ ನೋಡುವವಳು. ಓದಿದರೆ ಆ ಸಂಜೆಗೆ ಸಮಾಧಾನವಾಗುತ್ತಿತ್ತು. ಮುಂದೆ ಪ್ರತಿ ಸಲವೂ ಹೀಗೆ ಏನಾದರೊಂದನ್ನು ತೋರಿಸಲು ಅವನಿಗೆ ಹೇಳಬೇಕಾಗುತ್ತಿತ್ತು. ಅವನ ಮುಖ ನೋಡಿದೆ. ಬೆಳಿಗ್ಗೆಯಿಂದ ಏನೂ ತಿಂದಿರದವನ ಮುಖ.

ಅಂಗೈಯನ್ನು ಅವನ ಫೋನಿನ ಮೇಲೆ ಇಟ್ಟು ಪರದೆ ಮುಚ್ಚಿದೆ. ಅಡಿಯಲ್ಲಿ ಅವನ ಬೆರಳುಗಳಿದ್ದವು, ಬಿಸಿಯಾಗಿ.

"ಬೇಡ," ಎಂದೆ.

"ನೋಡಿ ಲೀಶಾ. ನೋಡದಿದ್ರೆ ನಾಳೆ ಪುನಃ ಅನುಮಾನ ಬರ್ತದೆ."

"ಬರ್ತದೆ. ಆಗ ನಿಮ್ಮನ್ನೇ ಕೇಳ್ತೇನೆ."

ಇನ್ನೊಂದು ಟ್ರೇನ್ ಬಂತು, ಜನ ಇಳಿದರು, ನಮ್ಮನ್ನು ಬಳಸಿಕೊಂಡು ಹೋದರು. ನಾನು ಕೈ ತೆಗೆಯಲಿಲ್ಲ.

"ಕೆಲಸದ ಗತಿ ಏನು ನಿಮ್ಮದು?" ಎಂದು ಕೇಳಿದ.

"ಹೋಗಬಹುದು."

"ನನ್ನಿಂದ."

"ನನ್ನಿಂದ. ಕಳಿಸಿದ್ದು ನಾನು." ಅವನ ಬ್ಯಾಗಿನ ಪಟ್ಟಿಯನ್ನು ಭುಜಕ್ಕೆ ಎಳೆದು ಸರಿಮಾಡಿದೆ. "ಮನೆಯಲ್ಲಿ ಡೆಲ್ಫಿನ್ ಆಂಟಿ ಇದ್ದಾರೆ. ಊಟ ಹಾಕ್ತಾರೆ. ಆದರೆ ತುಂಬಾ ಪ್ರಶ್ನೆ ಕೇಳ್ತಾರೆ."

"ಎಂತ ಹೇಳ್ಲಿ?"

"ನಿಜ ಹೇಳಿ. ಅವರು ನನ್ನ ಹಾಗಲ್ಲ, ಬೇಗ ನಂಬ್ತಾರೆ."

ನಾನು ಮೆಟ್ಟಿಲಿನ ಕಡೆ ನಡೆದೆ. ಬರುತ್ತಿದ್ದಾನೋ ಎಂದು ತಿರುಗಿ ನೋಡಲಿಲ್ಲ.